ಮಾತ್ರೆಗೆ ಐದು ಸ್ಟಾರ್, ಟೈಮಿಂಗ್‌ಗೆ ಒಂದೂವರೆ

ಮೊದಲೇ ಹೇಳಿಬಿಡುತ್ತೇನೆ, ಕೇಂದ್ರದ ಹೆಸರು ಹಾಕುವುದಿಲ್ಲ. ಹಾಕಿದರೆ ಆ ಗೇಟಿನ ಮುಂದೆ ಯಾರ ಮಗ ನಿಂತಿದ್ದಾನೆ ಅಂತ ನೋಡಲೆಂದೇ ಬರುವ ಜನ ನಮ್ಮಲ್ಲಿ ಇದ್ದಾರೆ. ಕೋಲಾರದಿಂದ ಒಂದು ಬಸ್ಸು ಹತ್ತಿ ಇಳಿಯುವಷ್ಟು ದೂರ. ಸರ್ಕಾರದ ದುಡ್ಡಲ್ಲಿ ನಡೆಯುತ್ತದೆ, ಫೀಸ್ ಇಲ್ಲ. ನೋವಿನ ಮಾತ್ರೆಯನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವ ಚಟ ಹತ್ತಿದವರಿಗೆ ಅದರ ಬದಲು ನಾಲಿಗೆ ಕೆಳಗೆ ಇಡುವ ಔಷಧಿ ಕೊಡುತ್ತಾರೆ. ನಿಮಗೂ ಇಂಥ ಜಾಗ ಬೇಕಿದ್ದರೆ 1097 ಅಥವಾ 14446ಕ್ಕೆ ಫೋನ್ ಮಾಡಿ. ನಾವು ಹುಡುಕಿದ್ದೂ ಹಾಗೇ.

ಬಿರಿಯಾನಿಗೆ, ಮಿಕ್ಸಿಗೆ, ಚಪ್ಪಲಿಗೆ ಎಲ್ಲದಕ್ಕೂ ರಿವ್ಯೂ ಇದೆ. ಇದಕ್ಕೆ ಮಾತ್ರ ಒಂದೂ ಇಲ್ಲ. ನಾನು ಅಲ್ಲಿನ ಬೆಂಚಿನ ಮೇಲೆ ಹನ್ನೊಂದು ತಿಂಗಳು ಕೂತು ಎದ್ದಿದ್ದೇನೆ, ಬರೆಯೋಣ ಅನಿಸಿತು.

ನಾನು ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ರೋಗಿ ನಾನಲ್ಲ, ನನ್ನ ಅಕ್ಕನ ಮಗ. ಅದೇ ಯಾರ್ಡ್‌ನಲ್ಲಿ ಹಮಾಲಿ. ಹದಿನೈದು ಕೆಜಿಯ ಬಾಕ್ಸು ದಿನಕ್ಕೆ ಎಷ್ಟು ಎತ್ತುತ್ತಾನೋ ಅವನಿಗೇ ಲೆಕ್ಕ ಇರಲಿಲ್ಲ. ಸೊಂಟ ಹಿಡಿದಿದೆ ಅಂತ ಡಾಕ್ಟರ ಹತ್ತಿರ ಹೋದ, ನೋವಿನ ಮಾತ್ರೆ ಬರೆದುಕೊಟ್ಟರು, ಟಪೆಂಟಡಾಲ್. ಚೀಟಿ ಮುಗಿದರೂ ಮಾತ್ರೆ ಮುಗಿಯಲಿಲ್ಲ. 2023ರ ಜುಲೈ ನೆನಪಿದೆಯಲ್ವಾ, ಬಾಕ್ಸು ಎರಡು ಸಾವಿರ ದಾಟಿ ಊರೆಲ್ಲ ಟಿವಿಯಲ್ಲಿ ಬಂತಲ್ಲ, ಆಗ ಹುಡುಗರ ಜೇಬಲ್ಲೂ ದುಡ್ಡು ಓಡಾಡಿತು. ಚೀಟಿ ಕೇಳದೆ ಕೊಡುವವರು ಸಿಕ್ಕರು, ಅಂಗಡಿ ಬೆಲೆಯ ಮೂರು ಪಟ್ಟು. ಆಮೇಲೆ ಯಾರೋ ನುಂಗುವುದಕ್ಕಿಂತ ಚುಚ್ಚಿಕೊಂಡರೆ ಬೇಗ ಏರುತ್ತೆ ಅಂದರು. ಅಷ್ಟೇ.

ನಮಗೆ ಗೊತ್ತಾಗಿದ್ದು ಮೊಣಕೈ ಒಳಮಡಿಕೆಯಲ್ಲಿ ನಿಂಬೆಹಣ್ಣಿನಷ್ಟು ಕೀವಿನ ಗಡ್ಡೆ ಬಂದಾಗ. ಬಾಕ್ಸು ತಗುಲಿತು ಅಂದ. ನಂಬಿದೆ. ಬೇಸಿಗೆಯಲ್ಲಿ ತುಂಬುತೋಳಿನ ಅಂಗಿ ಯಾಕೆ ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಮಾತ್ರೆ ಹೊಟ್ಟೆಗೆ ಅಂತ ಮಾಡಿದ್ದು. ಅದರಲ್ಲಿ ಔಷಧಿ ಜೊತೆ ಟಾಲ್ಕು, ಪಿಷ್ಟ, ಅಂಟು ಥರದ್ದೂ ಇರುತ್ತದೆ, ಅವುಗಳಲ್ಲಿ ಎಷ್ಟೋ ನೀರಲ್ಲಿ ಕರಗುವುದಿಲ್ಲ. ರಕ್ತದೊಳಗೆ ಹೋದ ಮೇಲೆ ಎಲ್ಲಿ ಸಣ್ಣ ಕೊಳವೆ ಸಿಗುತ್ತೋ ಅಲ್ಲಿ ಕೂರುತ್ತದೆ. ನರ ಕಟ್ಟುತ್ತದೆ, ಶ್ವಾಸಕೋಶಕ್ಕೂ ಹೋಗುತ್ತದೆ. ಸೂಜಿ ಜೊತೆ ಕೊಳೆ ಹೋದರೆ ಹೃದಯದ ಕವಾಟಕ್ಕೂ ಸೋಂಕು ತಗುಲಬಹುದು. ಇದನ್ನೆಲ್ಲ ನನಗೆ ಹೇಳಿದ್ದು ಈ ಕೇಂದ್ರದ ಡಾಕ್ಟರು. ಅದಕ್ಕೆ ಮುಂಚೆ ಗಡ್ಡೆ ಕೊಯ್ಯಲು ಹೋದ ಆಸ್ಪತ್ರೆಯಲ್ಲಿ, ಹೆಸರು ಬೇಡ, "ಇಂಥವರಿಗೆಲ್ಲ ಮರಗಟ್ಟೋ ಇಂಜೆಕ್ಷನ್ ಯಾಕೆ, ಅಭ್ಯಾಸ ಇದೆಯಲ್ಲ" ಅಂತ ನಕ್ಕರು. ಅವನು ಮತ್ತೆ ಡ್ರೆಸ್ಸಿಂಗಿಗೆ ಹೋಗಲೇ ಇಲ್ಲ.

ಇಲ್ಲಿಗೆ ಬರುವ ಮೊದಲು ಎಲ್ಲರೂ ಮಾಡುವ ತಪ್ಪನ್ನು ನಾವೂ ಮಾಡಿದೆವು. ಬೀಗ ಹಾಕಿ ಕೂಡಿಡುವ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಮೂರು ತಿಂಗಳು ಹಾಕಿದೆವು. ಅಕ್ಕ ಕಿವಿಯ ಓಲೆ ಅಡ ಇಟ್ಟಳು. ಹೊರಗೆ ಬಂದಾಗ ದಪ್ಪ ಆಗಿದ್ದ, ಹಣೆಗೆ ಕುಂಕುಮ ಬೇರೆ. ನಾವು ಕೋಲಾರಮ್ಮನಿಗೆ ಹಣ್ಣುಕಾಯಿ ಮಾಡಿಸಿದೆವು. ಒಂಬತ್ತನೇ ದಿನ ಯಾರ್ಡ್‌ನ ಕಕ್ಕಸಿನಲ್ಲಿ ಬಿದ್ದಿದ್ದ. ತುಟಿ ನೀಲಿ, ಉಸಿರು ಲೆಕ್ಕ ಮಾಡಬಹುದಿತ್ತು, ಅಷ್ಟು ನಿಧಾನ. 108 ಬಂತು. ನಲಾಕ್ಸೋನ್ ಅಂತ ಒಂದು ಇಂಜೆಕ್ಷನ್ ಕೊಟ್ಟರು, ಎರಡು ನಿಮಿಷಕ್ಕೆ ಕಣ್ಣು ಬಿಟ್ಟು ನನ್ನನ್ನೇ ಬೈದ. ಮನೆಗೆ ಕರೆದುಕೊಂಡು ಹೋಗುತ್ತೇವೆ ಅಂದರೆ ಡಾಕ್ಟರಮ್ಮ ಬಿಡಲಿಲ್ಲ, ಈ ಔಷಧಿ ಬೇಗ ಇಳಿಯುತ್ತದೆ, ಮಾತ್ರೆ ಇನ್ನೂ ಮೈಯಲ್ಲಿ ಇರುತ್ತದೆ, ಮತ್ತೆ ಉಸಿರು ನಿಲ್ಲಬಹುದು ಅಂದರು. ಮೂರು ತಿಂಗಳು ಬಿಟ್ಟಿದ್ದ ಮೈಗೆ ಹಳೆಯ ಅಳತೆ ತಡೆಯುವ ಶಕ್ತಿ ಇರುವುದಿಲ್ಲವಂತೆ. ಅಂದರೆ ನಾವು ದುಡ್ಡು ಕೊಟ್ಟು ಅವನನ್ನು ಸಾವಿಗೆ ಇನ್ನೂ ಹತ್ತಿರ ಮಾಡಿದ್ದೆವು. ಆ ಬೀಗದ ಕೇಂದ್ರದಲ್ಲಿ ಒಬ್ಬರೂ ಈ ಮಾತು ಹೇಳಿ ಕಳಿಸಿರಲಿಲ್ಲ.

ಸರಿ, ಈಗ ವಿಷಯಕ್ಕೆ ಬರುತ್ತೇನೆ.

ಮೊದಲ ದಿನ. ಒಂದು ಹಳೆಯ ಕಟ್ಟಡದ ಹಿಂಭಾಗ, ಬೋರ್ಡು ಸಣ್ಣದು, ಬೇಕಂತಲೇ ಸಣ್ಣದು ಅನಿಸುತ್ತೆ. ಒಳಗೆ ಎರಡು ಬೆಂಚು, ಒಂದು ಫ್ಯಾನು, ಒಂದು ಕಿಟಕಿ. ಕಿಟಕಿಯಾಚೆ ಸಿಸ್ಟರ್. ಬಾಗಿಲಲ್ಲಿ ನಮ್ಮನ್ನು ಕರೆದುಕೊಂಡವನು ಅಲ್ಲಿನ ಕೆಲಸಗಾರ, ಅವನೂ ಹಿಂದೆ ಚುಚ್ಚಿಕೊಳ್ಳುತ್ತಿದ್ದವನೇ, ಅದನ್ನು ಅವನೇ ಹೇಳಿದ. ಇವನ ಕೈ ಹಿಡಿದು ಗಡ್ಡೆ ನೋಡಿ, "ಏನ್ ಗುರು, ಈ ಕಡೆ ನರ ಮುಗೀತಾ" ಅಂದ. ಅಷ್ಟೇ. ಯಾಕೆ ಮಾಡಿದೆ, ಅಮ್ಮನ ಮುಖ ನೋಡಿದೆಯಾ, ಇದ್ಯಾವುದೂ ಇಲ್ಲ. ನನ್ನ ಹುಡುಗ ಎರಡು ವರ್ಷದಲ್ಲಿ ಮೊದಲ ಸಲ ಅಂಗಿಯ ತೋಳು ಮೇಲಕ್ಕೆ ಮಡಚಿ ಕೂತ. ಸಿಬ್ಬಂದಿಗೆ ಅಲ್ಲೇ ಐದು ಸ್ಟಾರ್ ಕೊಟ್ಟೆ.

ಔಷಧಿ ಹೆಸರು ಬುಪ್ರಿನಾರ್ಫಿನ್. ಸೀದಾ ಹೋಗಿ ಕೈಯೊಡ್ಡಿದರೆ ಕೊಡುವುದಿಲ್ಲ. ಮೊದಲ ಡೋಸಿಗೆ ಬರುವಾಗ ಹಳೆಯ ಮಾತ್ರೆ ಮೈಯಿಂದ ಇಳಿದು ಒದ್ದಾಟ ಶುರುವಾಗಿರಬೇಕು, ಮೂಗು ಸೋರಬೇಕು, ಆಕಳಿಕೆ ಬರಬೇಕು, ಚಳಿಗೆ ಆದ ಹಾಗೆ ಮೈಕೂದಲು ನೆಟ್ಟಗಾಗಬೇಕು. ಇವನು ಬೆಳಗಿನ ಜಾವ ನಾಲ್ಕಕ್ಕೆ ಹಾಕಿಕೊಂಡು, ನಿನ್ನೆಯಿಂದ ಏನೂ ಇಲ್ಲ ಸಿಸ್ಟರ್ ಅಂತ ಸುಳ್ಳು ಹೇಳಿದ. ಸಿಸ್ಟರ್ ಟಾರ್ಚು ಬಿಟ್ಟು ಕಣ್ಣಿನ ಪಾಪೆ ನೋಡಿದರು. ಸಾಸಿವೆ ಕಾಳಿನಷ್ಟು. "ಹೋಗಪ್ಪ, ನಾಳೆ ಬಾ, ಈಗ ಕೊಟ್ರೆ ನಿಂಗೇ ನರಕ" ಅಂದರು. ನನಗೆ ಕೋಪ ಬಂತು, ಒಂದು ದಿನದ ಕೂಲಿ ಹೋಯಿತು ಅಂತ.

ಯಾಕೆ ಅಂತ ಕೌನ್ಸೆಲರ್ ಹೇಳಿದ್ದನ್ನು ನಾನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಈ ಮಾತ್ರೆ ಮೆದುಳಿನಲ್ಲಿ ನಶೆ ಕೂರುವ ಸೀಟನ್ನು ಹಿಡಿದು ಕೂರುತ್ತದೆ. ತಾನು ಅರ್ಧ ಕೆಲಸ ಮಾತ್ರ ಮಾಡುತ್ತದೆ, ಅಂದರೆ ಒದ್ದಾಟ ನಿಲ್ಲಿಸುತ್ತದೆ, ಮೇಲೆ ಹಾರಿಸುವುದಿಲ್ಲ. ಆಮೇಲೆ ಟಪೆಂಟಡಾಲ್ ಬಂದರೂ ಸೀಟಿಲ್ಲ, ನಿಂತೇ ಹೋಗಬೇಕು. ಆದರೆ ಟಪೆಂಟಡಾಲ್ ಮೊದಲೇ ಕೂತಿದ್ದಾಗ ಇದನ್ನು ಕೊಟ್ಟರೆ ಅದರ ರಟ್ಟೆ ಹಿಡಿದು ಎಬ್ಬಿಸಿಬಿಡುತ್ತದೆ. ಆಗ ಎರಡು ದಿನದ ಒದ್ದಾಟ ಒಂದು ಗಂಟೆಯಲ್ಲಿ ಬರುತ್ತದೆ. ಪಕ್ಕದ ಬೆಂಚಿನಲ್ಲಿದ್ದ ಮಾಲೂರು ಕಡೆಯ ಒಬ್ಬ ಹಾಗೆ ಮಾಡಿಕೊಂಡಿದ್ದನಂತೆ. ಅವನು ಕೈ ಮುಗಿದು "ಸುಳ್ಳು ಹೇಳ್ಬೇಡ ತಮ್ಮ" ಅಂದ.

ಮರುದಿನ ಹೋದೆವು. ಮೂಗು ಸೋರುತ್ತಿತ್ತು, ಬಸ್ಸಿನಲ್ಲಿ ಎರಡು ಸಲ ವಾಂತಿ. ಸಿಸ್ಟರ್ ಮಾತ್ರೆ ಪುಡಿ ಮಾಡಿ ನಾಲಿಗೆ ಕೆಳಗೆ ಹಾಕಿದರು. ಕಹಿ. ನುಂಗುವ ಹಾಗಿಲ್ಲ, ನುಂಗಿದರೆ ಲಿವರ್ ಅದನ್ನು ಹಾಳು ಮಾಡುತ್ತದೆ, ಬಹುಪಾಲು ಕೆಲಸ ಹೋಗುತ್ತದೆ. ಹತ್ತು ನಿಮಿಷ ಬಾಯಿ ಮುಚ್ಚಿ, ಎಂಜಲು ಹಿಡಿದು ಕೂರಬೇಕು, ಕೊನೆಗೆ ಬಾಯಿ ತೆರೆದು ತೋರಿಸಬೇಕು. ಬೆಂಚಿನ ತುಂಬ ಗಂಡಸರು, ಗಲ್ಲ ಉಬ್ಬಿಸಿಕೊಂಡು, ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಾ ಕೂತಿರುವುದನ್ನು ನೀವು ನೋಡಬೇಕು. ನಗು ತಡೆಯಲು ಆಗುವುದಿಲ್ಲ, ನಕ್ಕರೆ ಔಷಧಿ ಹೋಗುತ್ತದೆ.

ಮುಕ್ಕಾಲು ಗಂಟೆ ಆದ ಮೇಲೆ ಅವನು, "ಮಾವ, ಹಸಿವಾಗ್ತಿದೆ" ಅಂದ. ಆಚೆ ಗಾಡಿಯಲ್ಲಿ ನಾಲ್ಕು ಇಡ್ಲಿ ತಿಂದ, ಆಮೇಲೆ ಇನ್ನೆರಡು. ಅವನು ಹಸಿವು ಅಂತ ಬಾಯಿಬಿಟ್ಟು ಹೇಳಿ ಎಷ್ಟು ಕಾಲ ಆಗಿತ್ತೋ. ಡೋಸನ್ನು ಸರಿಮಾಡಲು ಡಾಕ್ಟರು ಇನ್ನೂ ಒಂದು ವಾರ ತಗೊಂಡರು. ಅಲ್ಲಿಂದ ಈಚೆಗೆ ಮಾತ್ರೆ ವಿಷಯದಲ್ಲಿ ದೂರೇ ಇಲ್ಲ. ಬೆವರು ಬರುತ್ತದೆ. ಮಲ ಗಟ್ಟಿಯಾಗುತ್ತದೆ, ಅಕ್ಕ ದಿನಾ ಬಸ್ಸಾರು, ಮುದ್ದೆ, ಸೊಪ್ಪು ಮಾಡಿ ಮಾಡಿ ಅದನ್ನು ಸರಿ ಮಾಡಿದಳು. ಹೆಂಡ ಕುಡಿಯುವ ಹಾಗಿಲ್ಲ, ನಿದ್ದೆ ಮಾತ್ರೆ ಕೂಡ ಬೇಡ, ಈ ಔಷಧಿ ಜೊತೆ ಅವುಗಳಲ್ಲಿ ಒಂದು ಸೇರಿದರೂ ಉಸಿರಿಗೆ ಅಪಾಯ ಅಂತ ಖಂಡಿತವಾಗಿ ಹೇಳಿದ್ದಾರೆ.

ಅಲ್ಲಿ ಸೂಜಿಯೂ ಕೊಡುತ್ತಾರೆ. ಹೌದು, ಹೊಸ ಸೂಜಿ, ಸಿರಿಂಜು, ಒರೆಸಿಕೊಳ್ಳಲು ಸ್ಪಿರಿಟ್ ಹತ್ತಿ, ಫ್ರೀ. ಹಳೆಯದನ್ನು ತಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಕು. ಮೊದಲ ಸಲ ಇದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಕಳ್ಳನಿಗೆ ಏಣಿ ಕೊಟ್ಟ ಹಾಗಾಯಿತಲ್ಲ ಅಂತ ಕೌನ್ಸೆಲರ್ ಮೇಲೆ ಕೂಗಾಡಿದೆ. ಅವರು ಸುಮ್ನೆ ಕೇಳಿಸಿಕೊಂಡು, "ಸರ್, ಸೂಜಿ ಇಲ್ಲ ಅಂತ ಇವತ್ತು ಯಾರಾದ್ರೂ ಬಿಟ್ಟಿದ್ದಾರಾ? ಪಕ್ಕದವನ ಸೂಜಿ ತಗೋತಾರೆ" ಅಂದರು. ನನ್ನ ಹುಡುಗ ತಲೆ ತಗ್ಗಿಸಿದ. ಅವನೂ ತಗೊಂಡಿದ್ದ. ಒಂದು ಸೂಜಿ, ನಾಲ್ಕು ಜನ.

ಕಾನೂನಿನಲ್ಲೂ ಇದಕ್ಕೆ ಜಾಗ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಂ ಪ್ರಕಾರ ಸೋಂಕು ತಡೆಯಲು ಶುದ್ಧ ಸೂಜಿ ಕೊಡುವುದು, ಈ ಬದಲಿ ಔಷಧಿ ಕೊಡುವುದು ಅಪರಾಧ ಅಲ್ಲ, ತಗೊಳ್ಳುವುದೂ ಅಲ್ಲ. ಬೀಟ್ ಪೊಲೀಸರಿಗೆ ಇದನ್ನು ಯಾರು ಹೇಳಬೇಕೋ ಗೊತ್ತಿಲ್ಲ. ಒಂದು ದಿನ ಗೇಟಿನ ಆಚೆ ಹುಡುಗರ ಜೇಬು ತಡಕಿದರು, ಮುಂದಿನ ಮೂರು ದಿನ ಬೆಂಚು ಅರ್ಧ ಖಾಲಿ. ಬರದವರು ಆ ಮೂರು ದಿನ ಏನು ಮಾಡಿರುತ್ತಾರೆ ಅಂತ ಬಿಡಿಸಿ ಹೇಳಬೇಕಾ?

ಪರೀಕ್ಷೆ ವಿಭಾಗಕ್ಕೆ ಮೂರು ಸ್ಟಾರ್. ಎಚ್‌ಐವಿ ಟೆಸ್ಟು ಅದೇ ದಿನ ಆಯಿತು, ರಿಪೋರ್ಟೂ ಬಂತು, ಇಲ್ಲ ಅಂತ ಬಂತು. ನಾನು ಆಚೆ ಹೋಗಿ ಬೀಡಿ ಹಚ್ಚಿದೆ, ಕೈ ನಡುಗುತ್ತಿತ್ತು. ಹೆಪಟೈಟಿಸ್ ಸಿ, ಅಂದರೆ ರಕ್ತದಿಂದ ಹರಡಿ ಲಿವರ್ ಕೆಡಿಸುವ ವೈರಸ್ಸು, ಅದರ ಟೆಸ್ಟಿಗೆ ಮಾತ್ರ ಕಿಟ್ ಇಲ್ಲ, ಮುಂದಿನ ವಾರ ಬನ್ನಿ, ಮತ್ತೆ ಮುಂದಿನ ವಾರ ಬನ್ನಿ, ಹೀಗೆ ಮೂರು ಸಲ. ನಾಲ್ಕನೇ ಸಲ ಮಾಡಿದರು, ಇದೆ ಅಂತ ಬಂತು. ಈ ವೈರಸ್ಸು ಬಳಸಿದ ಸಿರಿಂಜಿನೊಳಗೆ ವಾರಗಟ್ಟಲೆ ಬದುಕಿರಬಲ್ಲದು, ಸೂಜಿ ಬೇರೆ ಇದ್ದರೂ ಕಲಸುವ ನೀರು, ಮುಚ್ಚಳ ಒಂದೇ ಆದರೂ ಹರಡುತ್ತದೆ. ಆದರೆ ಇದಕ್ಕೆ ವಾಸಿಯಾಗುವ ಔಷಧಿ ಇದೆ, ಅದು ನನಗೆ ಗೊತ್ತೇ ಇರಲಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಅದೂ ಫ್ರೀ. ಸೊಫೋಸ್‌ಬುವಿರ್, ಡಕ್ಲಾಟಸ್ವಿರ್ ಅಂತ ಎರಡು ಮಾತ್ರೆ, ದಿನಕ್ಕೊಂದು ಸಲ, 12 ವಾರ. ತಗೊಂಡ. ಮುಗಿದು ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡಿದರು, ವೈರಸ್ ಇಲ್ಲ. ಹೊರಗಡೆ ಜನ ಮಾತಾಡುವುದೆಲ್ಲ ಏಡ್ಸ್ ಬಗ್ಗೆ, ಇದರ ಹೆಸರು ಎತ್ತುವವರಿಲ್ಲ.

ಅವರ ಗೋಡೆಯ ಮೇಲೆ ಒಂದು ಚಾರ್ಟ್ ಇದೆ. ದೆಹಲಿ ಏಮ್ಸ್‌ನವರು ಮಾಡಿದ ಸಮೀಕ್ಷೆ, 2019ರಲ್ಲಿ ಬಂದಿದ್ದು. ದೇಶದಲ್ಲಿ ಸೂಜಿಯಲ್ಲಿ ನಶೆ ತಗೊಳ್ಳುವವರು ಸುಮಾರು 8.5 ಲಕ್ಷ. ಅವರಲ್ಲಿ ಹೆರಾಯಿನ್ ಚುಚ್ಚುವವರು ಶೇ. 46, ಔಷಧಿ ಕಂಪನಿ ಮಾಡುವ ನೋವಿನ ಮದ್ದು ಚುಚ್ಚುವವರೂ ಶೇ. 46. ಕಾಯುವ ಹೊತ್ತಲ್ಲಿ ಅದನ್ನು ಎಷ್ಟು ಸಲ ಓದಿದ್ದೇನೋ. ಡ್ರಗ್ಸ್ ಅಂದರೆ ಹಡಗಿನಲ್ಲಿ, ಗಡಿಯಾಚೆಯಿಂದ ಬರುತ್ತದೆ ಅಂದುಕೊಂಡಿದ್ದವನು ನಾನು. ಟ್ರಮಡಾಲ್ ಅಂತ ಇನ್ನೊಂದು ನೋವಿನ ಮಾತ್ರೆಯನ್ನು 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, ಪಟ್ಟಿಗೆ ಸೇರಿಸಿ ಬಿಗಿ ಮಾಡಿದರು, ಹುಡುಗರು ಟಪೆಂಟಡಾಲ್ ಕಡೆ ಹೊರಳಿದರು ಅಂತ ಕೌನ್ಸೆಲರ್ ಹೇಳಿದರು. ಮಂಡಿಯಲ್ಲೂ ಹೀಗೇ, ಒಂದು ಗೇಟು ಮುಚ್ಚಿದರೆ ಗಾಡಿಗಳು ಇನ್ನೊಂದು ಗೇಟಿಗೆ ಸಾಲು ಕಟ್ಟುತ್ತವೆ.

ಈಗ ಒಂದೂವರೆ ಸ್ಟಾರಿನ ಕಥೆ.

ಕಿಟಕಿ ತೆರೆಯುವುದು 9.30ಕ್ಕೆ, ಅದೂ ಬೋರ್ಡಿನ ಮೇಲೆ. ಸಿಸ್ಟರ್ ಸಹಿ ಹಾಕಿ, ಬೀಗ ತೆಗೆದು, ಸ್ಟಾಕ್ ಎಣಿಸಿ ಶುರು ಮಾಡುವಾಗ 10. ಮುಚ್ಚುವುದು 1ಕ್ಕೆ. ಔಷಧಿ ದಿನಾ, ಅವರ ಕಣ್ಣೆದುರೇ, ಹೋಗಲೇಬೇಕು. ಟೊಮೆಟೊ ಮಂಡಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ರಾತ್ರಿಯಿಂದಲೇ ಗಾಡಿಗಳು ಬರುತ್ತವೆ, ಬೆಳಿಗ್ಗೆ ಹರಾಜು, ಆಮೇಲೆ ವಿಂಗಡಣೆ, ಲಾರಿಗೆ ಲೋಡು. ಹಮಾಲಿಗೆ ದುಡ್ಡು ಸಿಗುವುದೇ 9ರಿಂದ 1ರ ಒಳಗೆ! ಔಷಧಿಗೆ ಹೋದರೆ ಕೂಲಿ ಹೋಯಿತು, ಕೂಲಿಗೆ ಹೋದರೆ ಔಷಧಿ ಹೋಯಿತು. ಬಸ್ ಚಾರ್ಜು ಬೇರೆ. ಬೆಂಚಿನ ಮೇಲೆ ಕೂತವರಲ್ಲಿ ಯಾರಿಗೂ ಆಫೀಸು ಕೆಲಸ ಇಲ್ಲ. ಒಬ್ಬ ಆಟೋ, ಒಬ್ಬ ಗಾರೆ, ಇಬ್ಬರು ಚಿಂದಿ ಆಯುವವರು, ಒಬ್ಬ ಕೋಳಿ ಅಂಗಡಿ. ಎಲ್ಲರಿಗೂ ಬೆಳಗಿನ ಹೊತ್ತೇ ಅನ್ನ.

ಈ ವರ್ಷ ಸೀಸನ್‌ನಲ್ಲಿ ಅವನು ನಾಲ್ಕು ದಿನ ತಪ್ಪಿಸಿದ. ನಾಲ್ಕನೇ ದಿನ ಒಂದು ಸಲ ಚುಚ್ಚಿಕೊಂಡ. ನನಗೆ ಅವನೇ ಹೇಳಿದ, ಹಳೆಯ ಅವನಾಗಿದ್ದರೆ ಹೇಳುತ್ತಿರಲಿಲ್ಲ. "ಮಾವ, ಸೂಜಿ ಹೊಸದೇ ತಗೊಂಡಿದ್ದೆ, ಒಬ್ನೇ ಇರ್ಲಿಲ್ಲ, ಪಕ್ಕದಲ್ಲಿ ಜನ ಇದ್ರು" ಅಂದ. ಕೆನ್ನೆಗೆ ಹೊಡೆಯಬೇಕು ಅನಿಸಿತು. ಆಮೇಲೆ ಯೋಚಿಸಿದೆ, ಕಕ್ಕಸಿನಲ್ಲಿ ಒಬ್ಬನೇ ನೀಲಿಯಾಗಿ ಬಿದ್ದಿದ್ದವನು ಈಗ ಈ ಎರಡು ಮಾತು ಕಲಿತಿದ್ದಾನೆ, ಕಲಿಸಿದ್ದು ಇದೇ ಕೇಂದ್ರ. ಐದನೇ ದಿನ ಕರೆದುಕೊಂಡು ಹೋದೆ. ಹೆಸರು ಹೊಡೆದು ಹಾಕಿರುತ್ತಾರೆ ಅಂತ ಹೆದರಿದ್ದೆ. ಸಿಸ್ಟರ್ ಪಾಪೆ ನೋಡಿ, "ಇವತ್ತು ಬಂದ್ಯಲ್ಲ, ಕೂತ್ಕೋ" ಅಂದರು.

ಮನೆಗೆ ನಾಲ್ಕು ದಿನದ್ದು ಕೊಡಿ ಅಂತ ಕೇಳಿದೆ. ಮಾರಿಕೊಳ್ಳುತ್ತಾರೆ, ಅದನ್ನೂ ಚುಚ್ಚಿಕೊಳ್ಳುತ್ತಾರೆ, ಅದಕ್ಕೇ ಕೊಡುವುದಿಲ್ಲ ಅಂದರು. ಆ ಭಯ ಸುಳ್ಳೇನಲ್ಲ, ಬುಪ್ರಿನಾರ್ಫಿನ್ನೇ ಚುಚ್ಚಿಕೊಳ್ಳುವ ಚಟ ನಮ್ಮ ದೇಶದಲ್ಲಿ ಹಳೆಯದು. ಆದರೆ 2020ರ ಲಾಕ್‌ಡೌನ್‌ನಲ್ಲಿ ಇದೇ ಔಷಧಿಯನ್ನು ಮನೆಗೆ ಕೊಡಲು ದೇಶಕ್ಕೆಲ್ಲ ಅನುಮತಿ ಕೊಟ್ಟಿದ್ದರಲ್ವಾ. ಕರೋನಾಗೆ ಆಗುವುದು ಟೊಮೆಟೊ ಸೀಸನ್‌ಗೆ ಯಾಕೆ ಆಗಬಾರದು? ಹನ್ನೊಂದು ತಿಂಗಳಿಂದ ಬರುತ್ತಿರುವವನಿಗೂ ನಿನ್ನೆ ಬಂದವನಿಗೂ ಒಂದೇ ರೂಲು ಯಾಕೆ? ನಲಾಕ್ಸೋನ್ ಕೂಡ ಮನೆಗೆ ಕೊಡುವುದಿಲ್ಲ. ಮತ್ತೆ ಬಿದ್ದರೆ 108 ಬರುವ ತನಕ ನಾವು ಬಾಯಿ ಬಡಿದುಕೊಳ್ಳುತ್ತಾ ನಿಂತಿರಬೇಕು.

ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸಿದ್ದಾರೆ ಅಂತ ಭಾವ ಈಗಲೂ ಹೇಳುತ್ತಾನೆ. ಭಾವನಿಗೆ ಇಪ್ಪತ್ತು ವರ್ಷದಿಂದ ಶುಗರ್ ಮಾತ್ರೆ. ನಾನು ಅದನ್ನು ಎತ್ತುವುದಿಲ್ಲ, ಅಕ್ಕ ಎತ್ತುತ್ತಾಳೆ. ಯಾವಾಗ ನಿಲ್ಲಿಸುತ್ತೀರಿ ಅಂತ ಡಾಕ್ಟರನ್ನು ಕೇಳಿದ್ದಕ್ಕೆ, ಅವಸರ ಮಾಡಿ ನಿಲ್ಲಿಸಿದವರೇ ವಾಪಸ್ ಬೀಳುವುದು, ವರ್ಷವೋ ಎರಡು ವರ್ಷವೋ, ಅವನ ಬದುಕು ಒಂದು ದಾರಿಗೆ ಬರಲಿ, ಆಮೇಲೆ ಸ್ವಲ್ಪ ಸ್ವಲ್ಪ ಇಳಿಸೋಣ ಅಂದರು. ಅಡ ಇಟ್ಟ ಓಲೆ ಕಳೆದ ತಿಂಗಳು ಬಿಡಿಸಿಕೊಂಡೆವು, ಅವನ ದುಡ್ಡಲ್ಲೇ.

ಹೋಗುವವರಿಗೆ ಒಂದೆರಡು ಮಾತು. ಮೊದಲ ದಿನ ಸುಳ್ಳು ಹೇಳಬೇಡಿ, ಯಾವಾಗ, ಏನು, ಎಷ್ಟು ತಗೊಂಡಿರಿ ಅಂತ ಇದ್ದಿದ್ದು ಇದ್ದಂಗೆ ಹೇಳಿ. ನೀರಿನ ಬಾಟಲಿ ಒಯ್ಯಿರಿ, ಬಾಯಿ ಒಣಗಿದ್ದರೆ ಮಾತ್ರೆ ಕರಗುವುದಿಲ್ಲ. ಕಕ್ಕಸು ಕೊಳಕು, ಬೀಗದ ಕೈ ಸಿಸ್ಟರ್ ಹತ್ತಿರ ಇರುತ್ತದೆ. ಹೆಂಗಸರು ಬಂದಿದ್ದನ್ನು ನಾನು ನೋಡಿದ್ದು ಎರಡೇ ಸಲ, ಅವರಿಗೆ ಬೇರೆ ಬೆಂಚೂ ಇಲ್ಲ, ಒಬ್ಬಾಕೆ ಸೆರಗು ತಲೆ ಮೇಲೆ ಹಾಕಿ ಗೋಡೆ ಕಡೆ ತಿರುಗಿ ಕೂತಿದ್ದಳು. ಡಾಕ್ಟರು ದಿನಾ ಇರುವುದಿಲ್ಲ, ಯಾವ ದಿನ ಬರುತ್ತಾರೆ ಅಂತ ಮೊದಲೇ ಫೋನಲ್ಲಿ ಕೇಳಿ.

ಜೂನ್‌ನಿಂದ ಆಗಸ್ಟ್ ತನಕ ಬೆಳಿಗ್ಗೆ 6ಕ್ಕೋ ಸಂಜೆ 5ಕ್ಕೋ ಒಂದು ಗಂಟೆ ಕಿಟಕಿ ತೆರೆಯಿರಿ ಅಂತ ಮಂಡಿಯ ಲೆಟರ್ ಪ್ಯಾಡಿನ ಹಿಂಭಾಗದಲ್ಲಿ ಬರೆದು, ಬೆಂಚಿನ ಹದಿನಾಲ್ಕು ಜನರ ಸಹಿ ಹಾಕಿಸಿ ಕೊಟ್ಟಿದ್ದೇನೆ. ಇಬ್ಬರು ಹೆಬ್ಬೆಟ್ಟು ಒತ್ತಿದರು. ಕೌನ್ಸೆಲರ್ ಓದಿ, ಮೇಲಕ್ಕೆ ಕಳಿಸುತ್ತೇನೆ ಸರ್ ಅಂದರು. ಎರಡು ತಿಂಗಳಾಯಿತು. ಉತ್ತರ ಬಂದರೆ ಇಲ್ಲೇ ಸ್ಟಾರ್ ತಿದ್ದುತ್ತೇನೆ.